ಕಡಲಿಗೆ ಸಿಮೆಂಟ್ ಬಂಡೆ ಇಳಿಸಿದರೆ ಮೀನು ಜಾಸ್ತಿ ಆಗುತ್ತದಾ?

ಮಲ್ಪೆ ಹುಡುಗ: ಕೇಂದ್ರ ಸರ್ಕಾರದ ಮತ್ಸ್ಯ ಸಂಪದ ಯೋಜನೆಯಲ್ಲಿ ಮೀನಿಗೆ ಆಸರೆಯಾಗಲಿ ಅಂತ ಕಡಲ ತಳಕ್ಕೆ ಕೃತಕ ಬಂಡೆ ಇಳಿಸುವ ವಿಷಯ ಬಂದರಿನಲ್ಲಿ ಜೋರು ಚರ್ಚೆ. ಸಿಮೆಂಟಿನ ತ್ರಿಕೋನ, ಬಾವಿ ರಿಂಗು, ಅಂಥದ್ದೆಲ್ಲ. ಬಂಗುಡೆ, ಬೂತಾಯಿ ಜಾಸ್ತಿ ಸಿಗುತ್ತದಾ? ಅದರ ಮೇಲೆ ಲಕ್ಷದ್ವೀಪದ ಹಾಗೆ ಹವಳ ಬರುತ್ತದಾ? ಗೊತ್ತಿರುವವರು ಹೇಳಿ ಮಾರಾಯ್ರೆ.

ಉಪ್ಪುನೀರು: ಹವಳದ ಆಸೆ ಬಿಡಿ. ಹವಳದ ಮೈಯೊಳಗೆ ಒಂದು ಪಾಚಿ ಇರುತ್ತದೆ, ಬಿಸಿಲಿನಲ್ಲಿ ಅದು ಮಾಡುವ ಆಹಾರದಿಂದಲೇ ಹವಳದ ಹೊಟ್ಟೆ ಬಹುಪಾಲು ತುಂಬಬೇಕು, ಹಾಗಾಗಿ ತಿಳಿನೀರು ಬೇಕು. ನಮ್ಮಲ್ಲಿ ಮಳೆಗಾಲಕ್ಕೆ ನೇತ್ರಾವತಿ, ಗುರುಪುರ, ಸ್ವರ್ಣಾ ಎಲ್ಲ ಸೇರಿ ಕೆಸರು, ಸಿಹಿನೀರು ತಂದು ಸುರಿಯುತ್ತವೆ. ಬೆಳಕು ಎಲ್ಲಿಂದ ಬರಬೇಕು? ಮುರ್ಡೇಶ್ವರದ ಆಚೆ ನೇತ್ರಾಣಿಯಲ್ಲಿ ಹವಳ ಉಂಟು, ಅದು ದಡದಿಂದ ದೂರ ಇರುವ ಕಲ್ಲಿನ ದ್ವೀಪ.

ಬಂಗುಡೆ, ಬೂತಾಯಿ ನೀರಿನಲ್ಲಿ ತೇಲುವ ಸಣ್ಣ ಜೀವಿಗಳನ್ನು ತಿಂದು ತಿರುಗುವ ಮೀನು, ಅವಕ್ಕೆ ಬಂಡೆಯ ಹಂಗಿಲ್ಲ. ಲಾಭ ಮುರು, ಕೆಂಬೇರಿಯಂಥ ಕಲ್ಲಿನ ಮೀನಿಗೆ. ಕಪ್ಪೆ ಬೊಂಡಾಸ್ (ಕಟಲ್‌ಫಿಶ್) ಕೂಡ ಗಟ್ಟಿ ವಸ್ತು ಸಿಕ್ಕಿದರೆ ಮೊಟ್ಟೆ ಅಂಟಿಸುತ್ತದೆ.

ಬೋಟಿನವ: ಮೀನು ಹುಟ್ಟುತ್ತದಾ, ಸುಮ್ನೆ ಬೇರೆ ಕಡೆ ಇದ್ದದ್ದು ಬಂದು ಸೇರುತ್ತದಾ? ಸೇರಿದ್ದನ್ನು ಎಲ್ಲರೂ ಹೋಗಿ ಬಾಚಿದರೆ ಎರಡು ವರ್ಷದಲ್ಲಿ ಖಾಲಿ. ತಳದಲ್ಲಿ ಎಳೆದುಕೊಂಡು ಹೋಗುವ ಟ್ರಾಲ್ ಬಲೆ ಬಂಡೆಗೆ ಸಿಕ್ಕಿಬಿದ್ದರೆ ನಷ್ಟ ಯಾರಿಗೆ?

ಉಪ್ಪುನೀರು: ಅಣ್ಣ, ವಿಜ್ಞಾನಿಗಳೂ ಇದೇ ಜಗಳ ಆಡುತ್ತಾರೆ. ಮರಿಗೆ ಅಡಗಲು ಜಾಗ, ತಿನ್ನಲು ಆಹಾರ ಸಿಕ್ಕಿದರೆ ಹೆಚ್ಚು ಬದುಕುತ್ತವೆ, ಆದರೆ ಹಿಡಿಯುವುದಕ್ಕೆ ಮಿತಿ ಇಲ್ಲದಿದ್ದರೆ ನೀವು ಹೇಳಿದ್ದೇ ಆಗುವುದು. ನನ್ನ ಕೇಳಿದರೆ ಅಲ್ಲಿ ಟ್ರಾಲ್ ಎಳೆಯಲು ಆಗದಿರುವುದೇ ದೊಡ್ಡ ಲಾಭ, ಗಾಳ ಹಾಕುವ ನಾಡದೋಣಿಯವರಿಗೆ ಒಂದಿಷ್ಟು ಉಳಿಯುತ್ತದೆ.

ನಿಜವಾದ ಹವಳದ ದಿಬ್ಬದ ಕೆಲಸ ಮಾತ್ರ ಸಿಮೆಂಟಿನಿಂದ ಆಗುವುದಿಲ್ಲ. ಕಡಲ ತಳದಲ್ಲಿ ಅದು ಶೇ. 1ಕ್ಕಿಂತ ಕಡಿಮೆ ಜಾಗದಲ್ಲಿದೆ, ಆದರೂ ಕಡಲ ಜೀವಜಾತಿಗಳಲ್ಲಿ ಸುಮಾರು ಕಾಲು ಭಾಗಕ್ಕೆ ಅದೇ ಆಸರೆ. ಅಲೆಯನ್ನೂ ಒಡೆಯುತ್ತದೆ. ಲಕ್ಷದ್ವೀಪ ನಿಂತಿರುವುದೇ ಅದರ ಮೇಲೆ. ನೀರು ಬಿಸಿಯಾದರೆ ಪಾಚಿ ಹೊರಗೆ ಹೋಗಿ ಹವಳ ಬಿಳಿಚಿಕೊಳ್ಳುತ್ತದೆ, ಅಲ್ಲಿ 1998, 2010, 2016, 2024ರಲ್ಲಿ ಹಾಗೇ ಆಯಿತು.

ಕೋಟೆಪುರ: ಹಾಗಾದರೆ ಈ ಬಂಡೆ ಹಾಕಿದರೆ ನಮ್ಮ ಉಳ್ಳಾಲದ ಕಡಲ್ಕೊರೆತವೂ ನಿಲ್ಲಬೇಕಲ್ವಾ?

ಉಪ್ಪುನೀರು: ಇಲ್ಲ. ಉಳ್ಳಾಲದಲ್ಲಿ ಎಡಿಬಿ (ಏಷ್ಯನ್ ಅಭಿವೃದ್ಧಿ ಬ್ಯಾಂಕ್) ಸಾಲದ ಯೋಜನೆಯಲ್ಲಿ ಮಾಡಿದ ರೀಫ್, ಅಂದರೆ ಕೃತಕ ದಿಬ್ಬ, ಅಲೆ ತಡೆಯಲು ಅಂತಲೇ ಇರುವುದು. ಮೀನಿಗೆ ಹಾಕುವುದು ಆಳದ ತಳದಲ್ಲಿ ಕೂರುತ್ತದೆ, ಅಲೆ ಅದರ ಮೇಲೆ ಹಾಗೇ ದಾಟಿ ಬರುತ್ತದೆ.

ಬೋಟಿನವ: ಇಳಿಸಿದ ಜಾಗದ ಜಿಪಿಎಸ್ ಪಾಯಿಂಟ್ ಬಂದರಿನಲ್ಲಿ ಬೋರ್ಡ್ ಹಾಕಲಿ, ಅಷ್ಟು ಮಾಡಿದರೆ ನನ್ನ ತಕರಾರು ಅರ್ಧ ಮುಗಿಯಿತು.