ಅವ್ವನ ಕಾಲು ಸೆಳೆತಕ್ಕೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಕೊಡಬಹುದಾ?

ಗಂಗಾವತಿ ಹುಡುಗಿ: ಅವ್ವನಿಗೆ ರಾತ್ರಿಯಾದರೆ ಮೀನಖಂಡ ಸೆಳೆಯುತ್ತದೆ, ಪಾದ ಜುಮ್ ಅನ್ನುತ್ತದೆ. ಭತ್ತದ ನಾಟಿಯಲ್ಲಿ ಬಗ್ಗಿ ಬಗ್ಗಿ ಹೀಗಾಗಿದೆ ಅಂತ ಸುಮ್ನೆ ಇದ್ದೆವು, ನಾಟಿ ಮುಗಿದರೂ ಕಡಿಮೆ ಇಲ್ಲ. ಮೆಡಿಕಲ್ ಶಾಪಿನವರು ಎರಡೂ ಮಾತ್ರೆ ಕೊಟ್ಟಿದ್ದಾರೆ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್, ಜೊತೆಗೆ ಥೈರಾಯ್ಡ್ ಮಾತ್ರೆ ನಡೆಯುತ್ತಿದೆ.

ಸಿಂಧನೂರಿನವ: ತಂಗೀ, ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತಗೊಂಡರೆ ಬಿ12 ಕಡಿಮೆಯಾಗಬಹುದು, ಪಾದ ಜುಮ್ ಅನ್ನಲು ಅದೂ ಕಾರಣ, ಸಕ್ಕರೆಯಿಂದ ನರಕ್ಕೆ ಪೆಟ್ಟಾದರೂ ಹಾಗೇ ಆಗುತ್ತದೆ. ಡಾಕ್ಟರಿಗೆ ಹೇಳಿ ಬಿ12, ವಿಟಮಿನ್ ಡಿ, ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ತಿಳಿಸುವ ರಕ್ತ ಪರೀಕ್ಷೆ) ಮಾಡಿಸು. ಕಿಡ್ನಿ ಸರಿ ಇಲ್ಲದಿದ್ದರೆ ಮೆಗ್ನೀಸಿಯಂ ಮೈಯಲ್ಲೇ ಉಳಿದು ತೊಂದರೆ.

ರಾಯಚೂರು ಬಿಸಿಲು: ಮೆಗ್ನೀಸಿಯಂ ಮೇಲೆ ನನಗೆ ನಂಬಿಕೆ ಕಡಿಮೆ. ವಯಸ್ಸಾದವರ ಸೆಳೆತಕ್ಕೆ ಅದರಿಂದ ಹೇಳಿಕೊಳ್ಳುವಂಥ ಉಪಯೋಗ ಇಲ್ಲ ಅಂತ ವೈದ್ಯಕೀಯ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ನೋಡುವ ಕಾಕ್ರೇನ್ ಸಂಸ್ಥೆಯ 2020ರ ವರದಿಯೇ ಹೇಳಿದೆ. ಮಲಗುವ ಮುಂಚೆ ಗೋಡೆಗೆ ಕೈ ಊರಿ ಮೀನಖಂಡ ಎಳೆದು ಬಿಡಲಿ, ಖರ್ಚಿಲ್ಲ. ಡಿ ಕಡಿಮೆ ಇದ್ದರೆ 60,000 ಯೂನಿಟ್‌ನ ಪುಡಿ ಕೊಡುತ್ತಾರೆ, ಅದು ಸಾಮಾನ್ಯವಾಗಿ ವಾರಕ್ಕೊಂದು, ದಿನಾ ಅಲ್ಲ! ಜಾಸ್ತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರುತ್ತದೆ.

ಗಂಗಾವತಿ ಹುಡುಗಿ: ಥೈರಾಯ್ಡ್ ಮಾತ್ರೆ ಜೊತೆ ಕ್ಯಾಲ್ಸಿಯಂ ನಡೆಯುತ್ತಾ ಅಣ್ಣಾ?

ಸಿಂಧನೂರಿನವ: ಒಟ್ಟಿಗೆ ಬೇಡ, 4 ಗಂಟೆ ಅಂತರ ಇರಲಿ. ಒಂದೇ ಕಾಲು ಊದಿ ಬಿಸಿಯಾದರೆ ಮಾತ್ರ ಕಾಯಬೇಡ, ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗು.