ಗಾಲ್ಫ್‌ನಲ್ಲಿ ಎಡಕ್ಕೆ ಜಾರುವ ಏರು ಹೋಲ್: ಡ್ರೈವರ್ ಹಿಡಿಯಬೇಕೇ, ಬೇಡವೇ?

ಪ್ರಶ್ನೆ (ಬಳ್ಳಾರಿಯಿಂದ)

ಮಾನ್ಯರೇ, ಬಳ್ಳಾರಿಯ ಸಮತಟ್ಟು ನೆಲದಲ್ಲಿ ಆಟ ಕಲಿತ ಬಲಗೈ ಆಟಗಾರ ನಾನು, ಹ್ಯಾಂಡಿಕ್ಯಾಪ್ (ಆಟದ ಮಟ್ಟ ನೋಡಿ ಕೊಡುವ ಹೊಡೆತಗಳ ರಿಯಾಯಿತಿ) 18. ಕಳೆದ ಡಿಸೆಂಬರಿನಲ್ಲಿ ನೀಲಗಿರಿಯ ಮೈದಾನವೊಂದರಲ್ಲಿ 350 ಗಜದ ಪಾರ್ 4 (ನಾಲ್ಕು ಹೊಡೆತದಲ್ಲಿ ಮುಗಿಸಬೇಕಾದ) ಹೋಲ್ ಒಂದರಲ್ಲಿ ಎರಡು ದಿನವೂ ಎಂಟು ಹೊಡೆತ ತೆತ್ತೆ. ಅಲ್ಲಿ ಫೇರ್‌ವೇಯ (ಹುಲ್ಲು ಕತ್ತರಿಸಿದ ಹಾದಿಯ) ಬಲಭಾಗ ಎತ್ತರ, ಎಡಭಾಗ ಇಳಿಜಾರು, ಎಡದ ಮರಗಳಾಚೆ ಔಟ್ ಆಫ್ ಬೌಂಡ್ಸ್ (ಆಟದ ಗಡಿಯ ಹೊರಗು). ಕುಳಿಯಿರುವ ಗ್ರೀನ್ ಸುಮಾರು 40 ಅಡಿ ಮೇಲಿದೆ. ಮೊದಲ ದಿನ ಅತಿ ದೂರ ಹೊಡೆಯುವ ಕ್ಲಬ್ಬಾದ ಡ್ರೈವರ್‌ನಿಂದ ನಟ್ಟನಡುವೆ ಬಿದ್ದ ಚೆಂಡು, ನಾವು ನೋಡುತ್ತಿದ್ದಂತೆಯೇ, ಅವಸರವಿಲ್ಲದೆ ಉರುಳುತ್ತ ಮರಗಳೊಳಗೆ ಹೋಯಿತು. ಮರುದಿನ ಡ್ರೈವ್ ಉಳಿಯಿತು, ಸೆವೆನ್ ಐರನ್ ಕ್ಲಬ್ಬಿನ ಎರಡನೆಯ ಹೊಡೆತ ಅದೇ ಮರಗಳ ಪಾಲಾಯಿತು. ಮುಂದಿನ ತಿಂಗಳು ಮತ್ತೆ ಹೋಗುವವನಿದ್ದೇನೆ. ಹೇಗೆ ಆಡಲಿ?

ಉತ್ತರ (ಸಂಡೂರಿನಿಂದ)

ಸರ್, ನಿಮ್ಮ ಎರಡನೆಯ ಹೊಡೆತ ಕೆಟ್ಟದ್ದೇನಲ್ಲ, ಗುರಿ ತಪ್ಪಿತ್ತು. ಬಲಗಡೆ ಎತ್ತರವಿದ್ದಾಗ ಬಲಗೈ ಆಟಗಾರನಿಗೆ ಚೆಂಡು ಪಾದಕ್ಕಿಂತ ಮೇಲಿರುತ್ತದೆ. ಆಗ ಕ್ಲಬ್ಬಿನ ಮುಖ ತಾನಾಗಿಯೇ ಎಡಕ್ಕೆ ನೋಡುತ್ತದೆ. ಮುಖದ ಓರೆ ಹೆಚ್ಚಿದಷ್ಟೂ ಈ ಸೆಳೆತ ಹೆಚ್ಚು, ಅಂದರೆ ಹೆಚ್ಚು ಓರೆಯ ವೆಜ್ ಕ್ಲಬ್ಬಿನಿಂದ ಚೆಂಡು ಐರನ್‌ಗಿಂತ ಜಾಸ್ತಿ ಎಡಕ್ಕೆ ಹೋಗುತ್ತದೆ. ಹಿಡಿಯನ್ನು ಒಂದಿಂಚು ಕೆಳಗೆ ಹಿಡಿದು, ಗ್ರೀನಿನ ಬಲ ಅಂಚಿನಾಚೆಗೆ ಗುರಿಯಿಡಿ. ಏರಿನ 40 ಅಡಿಗೆ ಸುಮಾರು 13 ಗಜ ಕೂಡಿಸಿ ಕ್ಲಬ್ ಆರಿಸಿ.

ಟೀಯಿಂದ, ಅಂದರೆ ಮೊದಲ ಹೊಡೆತಕ್ಕೆ, ಡ್ರೈವರಿಗಿಂತ ಚಿಕ್ಕದಾದ ಫೈವ್ ವುಡ್ ಸಾಕು, ಅದೂ ಬಲಗಡೆಯ ರಫ್‌ನ (ಉದ್ದ ಹುಲ್ಲಿನ) ಅಂಚಿಗೆ; ನಡುವಿಗೆ ತರುವ ಕೆಲಸವನ್ನು ಇಳಿಜಾರು ಮಾಡುತ್ತದೆ.

ಉತ್ತರ (ರಾಯಚೂರಿನಿಂದ)

ಸಂಡೂರಿನವರ ಮಾತಿಗೆ ಒಂದು ತಕರಾರು. ಫೈವ್ ವುಡ್ 180 ಗಜ ಹೋದರೆ ಇನ್ನೂ 170 ಉಳಿಯುತ್ತದೆ, ಏರು ಸೇರಿ 183. ಓರೆನೆಲದಲ್ಲಿ ನಿಂತು ಅಷ್ಟು ದೂರ ಹೊಡೆಯುವುದು ನಮ್ಮಂಥವರ ಕೆಲಸವಲ್ಲ. ಹ್ಯಾಂಡಿಕ್ಯಾಪ್ 18 ಇರುವವರಿಗೆ ಪ್ರತಿ ಹೋಲಿಗೂ ಒಂದು ಹೊಡೆತದ ರಿಯಾಯಿತಿ ಇರುವಾಗ ಈ ಹೋಲನ್ನು ಪಾರ್ 5 ಎಂದೇ ಎಣಿಸಿ. ಎರಡನೆಯದನ್ನು ಏಯ್ಟ್ ಐರನ್‌ನಿಂದ 110 ಗಜ ಮಾತ್ರ ಹೊಡೆದು, ಉಳಿದ 60 ಗಜಕ್ಕೆ ವೆಜ್ ಹಿಡಿಯಿರಿ.

ಎತ್ತರದಲ್ಲಿ ಚೆಂಡು ದೂರ ಹೋಗುತ್ತದೆಂಬ ಭರವಸೆಯನ್ನೂ ಇಟ್ಟುಕೊಳ್ಳಬೇಡಿ. ಬಳ್ಳಾರಿ ಸಮುದ್ರಮಟ್ಟದಿಂದ 500 ಮೀಟರಿಗೂ ಕಡಿಮೆ, ಊಟಿ 2,200ಕ್ಕೂ ಹೆಚ್ಚು, ತೆಳುಗಾಳಿಯಿಂದ ಶೇ. 6-7ರಷ್ಟು ದೂರ ಸಿಗುವುದು ನಿಜವಾದರೂ, ಡಿಸೆಂಬರಿನ ಬೆಳಗಿನ ಚಳಿ ಅದರಲ್ಲಿ ಒಳ್ಳೆಯ ಪಾಲನ್ನು ಕಿತ್ತುಕೊಳ್ಳುತ್ತದೆ.

ಉತ್ತರ (ಕೊಪ್ಪಳದಿಂದ)

ಚೆಂಡು ಮರಗಳತ್ತ ಹೋದೊಡನೆ ಪ್ರಾವಿಷನಲ್ (ಮೊದಲನೆಯದು ಕಳೆದರೆ ಇರಲೆಂದು ಇನ್ನೊಂದು ಚೆಂಡು) ಹೊಡೆದುಬಿಡಿ. ಹುಡುಕಲು 2019ರಿಂದ ಮೂರೇ ನಿಮಿಷ. ಎರಡು ಪೆನಲ್ಟಿ ಹೊಡೆತ ತೆತ್ತು ಫೇರ್‌ವೇ ಬಳಿ ಚೆಂಡನ್ನು ಡ್ರಾಪ್ ಮಾಡುವ (ಕೈಯಿಂದ ಬೀಳಿಸಿ ಆಡುವ) ಸ್ಥಳೀಯ ನಿಯಮ ಅಲ್ಲಿದೆಯೇ ಎಂದು ಮೊದಲೇ ಸ್ಕೋರ್‌ಕಾರ್ಡಿನ ಹಿಂಬದಿ ನೋಡಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ರಾಯಚೂರಿನವರ ಲೆಕ್ಕದಂತೆ ಆಡುತ್ತೇನೆ, ಗುರಿಯನ್ನು ಸಂಡೂರಿನವರು ಹೇಳಿದಂತೆ ಇಡುತ್ತೇನೆ. ಓರೆನೆಲದ ಅಭ್ಯಾಸಕ್ಕೆ ಇಲ್ಲಿ ಬೇರೆ ಜಾಗವಿಲ್ಲದ್ದರಿಂದ ನಾಳೆ ಬೆಳಿಗ್ಗೆಯಿಂದ ಕೆರೆ ಏರಿಯ ಇಳಿಜಾರಿನಲ್ಲಿ, ಚೆಂಡಿಲ್ಲದೆ, ಕ್ಲಬ್ ಬೀಸಿ ನೋಡುವವನಿದ್ದೇನೆ.