ಕೈ ಬೆನ್ನ ಹಿಂದಕ್ಕೆ ಹೋಗುತ್ತಿಲ್ಲ, ಮತ್ತೆ ಮಸಾಜ್ ಮಾಡಿಸಲೇ?

ನಾಪೋಕ್ಲು ತೋಟದಮನೆ
ನನಗೆ 52 ವರ್ಷ. ಕೊಡವ ಸೀರೆಯ ನೆರಿಗೆ ಹಿಂಬದಿಗೆ ಬರುತ್ತದೆ. ಅದನ್ನು ಸಿಕ್ಕಿಸಲು ಬಲಗೈ ಬೆನ್ನ ಹಿಂದಕ್ಕೆ ಹೋಗುವುದೇ ಇಲ್ಲ. ಹೋದ ವಾರ ಮದುವೆಗೆ ಹೊರಟಾಗ ಮಗಳು ಉಡಿಸಿದಳು. ಮದುವೆಯಾದಂದಿನಿಂದ ನಾನೇ ಉಟ್ಟ ಸೀರೆ. ಕಣ್ಣು ತುಂಬಿ ಬಂತು.

ರೊಬಸ್ಟಾ ಕಾಫಿ ಕೊಯ್ಲಿಗೆ ಆಳು ಸಾಲದೆ ಎರಡು ತಿಂಗಳು ನಾನೂ ಕೊಂಬೆ ಬಗ್ಗಿಸಿ ಹಣ್ಣು ಕೊಯ್ದಿದ್ದೆ. ಭುಜದ ನೋವು ಕಾಣಿಸಿಕೊಂಡದ್ದು ಆಮೇಲೆ. ಎಕ್ಸ್‌ರೇಯಲ್ಲಿ ಏನೂ ಇಲ್ಲ. ಡಾಕ್ಟರು ಫ್ರೋಜನ್ ಶೋಲ್ಡರ್, ಅಂದರೆ ಭುಜ ಬಿಗಿದುಕೊಂಡಿದೆ ಎಂದರು. ಮಸಾಜ್‌ಗೆ ಹೋದ ಒಂದು ಕಡೆ ಬಿಸಿ ಎಣ್ಣೆ ಹಾಕಿ, ಮೊಣಕೈಯಿಂದ ಅದುಮಿ, ತೋಳನ್ನು ತಿರುಚಿದರು. ಮೂರು ರಾತ್ರಿ ನಿದ್ದೆ ಇಲ್ಲ. ಈಗ ಮಯೋಫ್ಯಾಸಿಯಲ್ ರಿಲೀಸ್ ಮಾಡಿಸು ಎನ್ನುತ್ತಾರೆ. ಅದೂ ಇದೇ ತರಹವೇ?

ಮಡಿಕೇರಿ ಫಿಸಿಯೋ
ಅಲ್ಲ ಅಕ್ಕ. ಭುಜದ ಕೀಲನ್ನು ಸುತ್ತಿರುವ ಚೀಲದಂತಹ ಪೊರೆ ದಪ್ಪವಾಗಿ ಕುಗ್ಗಿದೆ. ಅದು ಆಳದಲ್ಲಿದೆ, ಬಲವಂತದಿಂದ ಬಿಡಿಸಹೋದರೆ ಇನ್ನಷ್ಟು ಕೆರಳುತ್ತದೆ. ನಿಮಗೆ ಆದದ್ದೂ ಅದೇ. ಆದರೆ ನೋವಿಗೆ ಹೆದರಿ ಕುತ್ತಿಗೆ, ಎದೆ, ಕಂಕುಳಿನ ಸ್ನಾಯುಗಳೂ ಅವುಗಳ ಹೊದಿಕೆಯಾದ ಫ್ಯಾಸಿಯಾವೂ ಬಿಗಿದುಕೊಂಡಿರುತ್ತವೆ. ಮಯೋಫ್ಯಾಸಿಯಲ್ ರಿಲೀಸ್ ನೆರವಾಗುವುದು ಅಲ್ಲಿ. ಸಾಮಾನ್ಯವಾಗಿ ಎಣ್ಣೆ ಹಚ್ಚುವುದಿಲ್ಲ, ಕೈ ಜಾರಬಾರದು. ಒಂದೇ ಜಾಗವನ್ನು ಒಂದೂವರೆ ನಿಮಿಷದಿಂದ ಐದು ನಿಮಿಷದವರೆಗೆ ಮೆಲ್ಲನೆ ಒತ್ತಿಹಿಡಿದು ಕಾಯುತ್ತೇವೆ. ಅದರಿಂದ ನೋವು ತಗ್ಗಿದಾಗ ವ್ಯಾಯಾಮ ಮಾಡಲೇಬೇಕು: ಎಡಗೈಯನ್ನು ಮೇಜಿಗೆ ಊರಿ ಬಾಗಿ, ಬಲಗೈಯನ್ನು ಇಳಿಬಿಟ್ಟು ತೂಗಾಡಿಸಿ. ಗೋಡೆಯ ಮೇಲೆ ಬೆರಳುಗಳನ್ನು ನಡೆಸುತ್ತ ಮೇಲಕ್ಕೇರಿಸಿ. ವ್ಯಾಯಾಮವಿಲ್ಲದ ಮಸಾಜ್‌ಗೆ ದುಡ್ಡು ಸುರಿಯಬೇಡಿ.

ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಿ. ಸಕ್ಕರೆ ಕಾಯಿಲೆ, ಥೈರಾಯ್ಡ್ ತೊಂದರೆ ಇರುವವರಲ್ಲಿ ಫ್ರೋಜನ್ ಶೋಲ್ಡರ್ ಹೆಚ್ಚು. ರಕ್ತ ಪರೀಕ್ಷೆ ಮಾಡಿಸಿದ್ದೀರಾ?

ಸೋಮವಾರಪೇಟೆ ಮೇಷ್ಟ್ರು
ನನಗೆ ಎಡಭುಜ ಹೀಗೆಯೇ ಆಗಿತ್ತು. ಸಕ್ಕರೆ ಇರುವುದು ಗೊತ್ತಾದದ್ದೇ ಆಗ. ಬೋರ್ಡಿನ ಮೇಲ್ತುದಿಗೆ ಕೈ ಎಟುಕಲು ಹದಿನಾಲ್ಕು ತಿಂಗಳು ಹಿಡಿಯಿತು. ಮಧ್ಯೆ ಎರಡು ತಿಂಗಳು ಒಂದಿಂಚೂ ಮುಂದುವರಿಯಲಿಲ್ಲ. ಆಗ ಬಿಟ್ಟುಬಿಡಬೇಡಿ, ತಂಗಿ. ರಾತ್ರಿ ಕಂಕುಳ ಕೆಳಗೆ ಸಣ್ಣ ದಿಂಬು ಇಟ್ಟುಕೊಂಡು ಮಲಗಿ.

ನಾಪೋಕ್ಲು ತೋಟದಮನೆ
ಸಕ್ಕರೆ ಪರೀಕ್ಷೆ ಮಾಡಿಸಿಯೇ ಇಲ್ಲ. ಅಮ್ಮನಿಗೆ ಇತ್ತು. ನಾಳೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಹೋಗಿ ರಕ್ತ ಕೊಡುತ್ತೇನೆ. ದಿಂಬನ್ನು ಇವತ್ತೇ ಇಟ್ಟುಕೊಳ್ಳುತ್ತೇನೆ, ಅಣ್ಣ.